ಕಾಂತಾಬಾಯಿಯ ಚಿಟಿಕೆ ಸೋಡಾ

ಸಂತಪುರದಿಂದ ಔರಾದಿಗೆ ಹೋಗುವ ದಾರಿಯಲ್ಲಿ ಒಂದು ಊರಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯ ಹೈಸ್ಕೂಲಿನ ಹೆಡ್‌ಮಾಸ್ತರರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಆ ಸಾಲೆಯ ಬಿಸಿಯೂಟದ ಅಡುಗೆ ಕಾಂತಾಬಾಯಿಯದು. ಹದಿನೆಂಟು ವರ್ಷದಿಂದ ನೂರಾ ನಲವತ್ತು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದಾಳೆ. ಓದಿದ್ದು ಬರೀ ಮೂರನೆಯ ಇಯತ್ತೆ, ಬಾಯಿ ಮಾತ್ರ ಬಲು ಜೋರು. ತಾಟಿನಲ್ಲಿ ಅನ್ನ ಬಿಟ್ಟು ಏಳುವವನು ಯಾವ ಸಾಹುಕಾರನ ಮಗನೇ ಆಗಿರಲಿ, ಅವನ ಜನ್ಮ ಜಾಲಾಡದೆ ಬಿಡುವವಳಲ್ಲ.

ಸಾಲೆಯ ಅಂಗಳದಲ್ಲೇ ಬೋರ್‌ವೆಲ್ಲಿನ ನಲ್ಲಿ ಇದೆ. ಆದರೂ ಕಾಂತಾಬಾಯಿ ದಿನಾ ಬೆಳಿಗ್ಗೆ ಊರಾಚೆಯ ಹಳೆ ಬಾವಿಗೆ ಮೂರು ಸಲ ಹೋಗಿ ಕೊಡದಲ್ಲಿ ನೀರು ಹೊತ್ತು ತರುತ್ತಾಳೆ. ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಎಷ್ಟು ಕುದಿಸಿದರೂ ಬೇಳೆ ಬೇರೆ, ನೀರು ಬೇರೆ. ಸೊಂಟ ಹಿಡಿದು ಬಾವಿಗೆ ಹೋಗಲಾಗದ ದಿನ ತಿನ್ನುವ ಸೋಡಾ ಹಾಕಿದರೆ ಕೆಲಸ ನಡೆಯುತ್ತದೆ. ಇದು ಊರಿನ ಸಣ್ಣ ಕೂಸಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದನ್ನು ಯಾರು ಕೇಳುತ್ತಾರೆ?

ಕೇಳಿದವಳು ಒಂಬತ್ತನೆಯ ತರಗತಿಯ ವಿಶಾಖಾ, ನಾಗಸೇನನ ಮಗಳು. ಒಂದು ದಿನ ಊಟವಾದ ಮೇಲೆ ತಾಟು ತೊಳೆದಿಟ್ಟು ಅಡುಗೆಕೋಣೆಯ ಬಾಗಿಲಲ್ಲಿ ನಿಂತಳು.

"ಆಯಿ, ಬೋರಿನ ನೀರಾಗ ಬ್ಯಾಳಿ ಯಾಕ ಬೇಯಂಗಿಲ್ಲರಿ?"

"ಯಾಕಂದ್ರ? ಬೇಯಂಗಿಲ್ಲ, ಅಷ್ಟ! ನಿನ್ನ ಪುಸ್ತಕ ನೋಡು ಹೋಗು."

"ಪುಸ್ತಕದಾಗ ಇಲ್ಲರಿ. ಸರ್‌ನೂ ಇಲ್ಲ."

ವಿಜ್ಞಾನದ ಮಾಸ್ತರರು ವರ್ಗವಾಗಿ ಹೋಗಿ ಆರು ತಿಂಗಳಾಗಿತ್ತು. ಹೆಡ್‌ಮಾಸ್ತರ ಶಿವರಾಜಪ್ಪನವರು ಕನ್ನಡ ಕಲಿಸುವವರು. ಒಳ್ಳೆಯ ಮನುಷ್ಯರೇ, ಆದರೆ ವಿಜ್ಞಾನವೆಂದರೆ ಮಾರು ದೂರ. ಔರಾದಿನಲ್ಲಿ ನಡೆಯುವ ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಬೇಳೆಯದ್ದೇ ಮಾಡುತ್ತೇನೆಂದು ವಿಶಾಖಾ ಹೇಳಿದಾಗ ಅವರು ನಕ್ಕುಬಿಟ್ಟಿದ್ದರು. "ಬ್ಯಾಳಿ ಕುದಿಸೋದು ಅಡಗಿ ಅದನವ್ವಾ, ವಿಜ್ಞಾನ ಅಲ್ಲ. ಬೀದರದ ಅಂಗಡ್ಯಾಗ ರೆಡಿಮೇಡ್ ಜ್ವಾಲಾಮುಖಿ ಸಿಗ್ತದ, ನಿಮ್ಮಪ್ಪಗ ಹೇಳಿ ತರಿಸು."

"ಔರಾದದಾಗ ಆರಿಸಿದ್ರ ಬೀದರಕ್ಕ ಕಳಸ್ತಾರ್ರಿ ಆಯಿ," ಎಂದಳು ವಿಶಾಖಾ. "ಅಲ್ಲಿ ದೊಡ್ಡ ದೊಡ್ಡ ಸರ್‌ಗೋಳು ಬರ್ತಾರ. ಅವರಿಗಿ ನಾ ಕೇಳಬೇಕು. ಇಲ್ಲಿ ಕೇಳಬೇಕಂದ್ರ ಯಾರಿದ್ದಾರ್ರಿ?"

ಕಾಂತಾಬಾಯಿ ತೊಳೆಯುತ್ತಿದ್ದ ಬೋಗುಣಿ ಕೆಳಗಿಟ್ಟಳು. ಇಷ್ಟು ವರ್ಷ ಕೊಡ ಹೊತ್ತು ನೆತ್ತಿ ಸವೆಸಿಕೊಂಡವಳು ತಾನು. ಯಾಕೆ ಎಂದು ಒಂದು ದಿನವೂ ಕೇಳಿಕೊಂಡವಳಲ್ಲ. ಈ ಚೋಟುದ್ದದ ಹುಡುಗಿ ಕೇಳುತ್ತಿದೆ! ತನ್ನ ಮೇಲೆಯೇ ಸಿಟ್ಟು ಬಂತು.

"ನಾಳಿಂದ ಊಟಾದ ಮ್ಯಾಲ ಬಾ. ಒಲಿ ಖಾಲಿ ಇರ್ತದ," ಎಂದಳು.

ಮೂರು ವಾರ ನಡೆಯಿತು ಪರೀಕ್ಷೆ. ಎರಡು ಬೋಗುಣಿ, ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಬೋರಿನ ನೀರು. ಅದೇ ಲೋಟದಲ್ಲಿ ಅಳೆದ ಬೇಳೆ, ಅದೇ ಉರಿ. ವಿಶಾಖಾ ಗಡಿಯಾರ ಹಿಡಿದು ಕೂತು ಐದೈದು ನಿಮಿಷಕ್ಕೆ ಒಂದೊಂದು ಕಾಳು ತೆಗೆದು ಹಿಚುಕಿ ನೋಡಿ ಬರೆದುಕೊಳ್ಳುವಳು. ಬಾವಿ ನೀರಿನದು ಮೂವತ್ತೈದು ನಿಮಿಷಕ್ಕೆ ಬೆಣ್ಣೆ. ಬೋರಿನದು ಗಂಟೆ ದಾಟಿದರೂ ಹಲ್ಲಿಗೆ ಹತ್ತುತ್ತಿತ್ತು. ಸಹಪಾಠಿ ಸ್ವಪ್ನಿಲ ಕಿಟಕಿಯಲ್ಲಿ ತಲೆ ಹಾಕಿ, "ವಿಶಾಖಾ, ಔರಾದದಾಗ ನಿನ್ನ ಬ್ಯಾಳಿ ಬೇಯಂಗಿಲ್ಲ ಬಿಡು!" ಎಂದು ರೇಗಿಸಿದ. ಕಾಂತಾಬಾಯಿ ಸೌಟು ಎತ್ತಿದ್ದೇ ತಡ, ಕಾಲಿಗೆ ಬುದ್ಧಿ ಹೇಳಿದ.

ಪ್ರದರ್ಶನ ಇದ್ದದ್ದು ರವಿವಾರ, ಬಿಸಿಯೂಟವಿರಲಿಲ್ಲ; ಗ್ಯಾಸಿನ ಒಲೆ ನೋಡಿಕೊಳ್ಳಲು ಹೆಡ್‌ಮಾಸ್ತರರ ಜೊತೆ ಕಾಂತಾಬಾಯಿಯೂ ಔರಾದಿಗೆ ಹೋದಳು. ಬೆಂಕಿ ಒಳಗೆ ಬೇಡವೆಂದು ಇವರಿಗೆ ಜಗಲಿಯಲ್ಲಿ ಜಾಗ ಕೊಟ್ಟರು. ಎರಡೂ ಬೋಗುಣಿ ಕುದಿಯತೊಡಗಿದ ಮೇಲೆ ವಿಶಾಖಾಳನ್ನು ಹೆಸರು ಬರೆಸಲು ಕರೆದರು. ಅಷ್ಟರಲ್ಲಿ ಬೇರೆ ಸಾಲೆಗಳ ಮಾಸ್ತರರು ನಾಲ್ಕು ಜನ ಬಂದು ಬೋರಿನ ನೀರಿನ ಬೋಗುಣಿಯಲ್ಲಿ ಇಣುಕಿದರು.

"ಏನ್ರಿ ಆಯಿ," ಅಂದನೊಬ್ಬ, "ಇಷ್ಟ್ ವಯಸ್ಸಾತು, ಬ್ಯಾಳಿ ಕುದಿಸಲಾಕ ಬರಂಗಿಲ್ಲೇನ್ ನಿಮಗ? ನಿಮ್ಮ ಸಾಲಿ ಮಕ್ಕಳು ಹಸೀದೇ ತಿಂತಾವೇನ್?"

ನಾಲ್ವರೂ ಹೋ ಎಂದು ನಕ್ಕರು. ಕಾಂತಾಬಾಯಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೈಯಡುಗೆಗೆ ಹದಿನೆಂಟು ವರ್ಷದಲ್ಲಿ ಒಬ್ಬರೂ ಕೊಂಕು ತೆಗೆದಿರಲಿಲ್ಲ. ಅವರು ಆಚೆ ತಿರುಗಿದ್ದೇ ಅವಳ ಕೈ ಚೀಲಕ್ಕೆ ಹೋಯಿತು, ಅಲ್ಲಿ ಯಾವಾಗಲೂ ಇರುವ ಸೋಡಾದ ಪೊಟ್ಟಣ ಬಿಚ್ಚಿತು, ಒಂದು ಚಿಟಿಕೆ ಬೋಗುಣಿಗೆ ಬಿತ್ತು. ಬಿದ್ದ ಮೇಲೆ ಎಚ್ಚರವಾಯಿತು. ಅಯ್ಯೋ, ಇದೇನು ಮಾಡಿಬಿಟ್ಟೆ! ತೆಗೆಯೋಣವೆಂದರೆ ಸೋಡಾ ಆಗಲೇ ನೊರೆಯಾಗಿ ಕರಗಿತ್ತು. ಹೊಸದಾಗಿ ಇಡೋಣವೆಂದರೆ ಪರೀಕ್ಷಕರು ಪಕ್ಕದ ಕೋಣೆಯವರೆಗೆ ಬಂದೇಬಿಟ್ಟಿದ್ದರು.

ಆ ಕೋಣೆಯದನ್ನೆಲ್ಲ ನೋಡಿ ಮುಗಿಸಿ ಜಗಲಿಗೆ ಬಂದವರು ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನಜಮೋದ್ದೀನ ಸರ್. ವಿಶಾಖಾ ಓಡಿಬಂದು ಒಂದೇ ಉಸಿರಿಗೆ ಎಲ್ಲ ವಿವರಿಸಿದಳು. ಅವರು ಎರಡೂ ಬೋಗುಣಿಯಿಂದ ಒಂದೊಂದು ಸೌಟು ಎತ್ತಿ ನೋಡಿದರು. ಎರಡೂ ಬೆಣ್ಣೆ.

"ಫರಕ್ ಎಲ್ಲಿ ಅದ ಬೇಟಿ?"

ವಿಶಾಖಾಳ ಮುಖ ಬಿಳಿಚಿಹೋಯಿತು. ಗಡಿಯಾರ ನೋಡಿದಳು, ಬೋಗುಣಿ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಮೂರು ವಾರದ ಬರಹವೆಲ್ಲ ಸುಳ್ಳೆಂದು ಆ ಒಂದು ಸೌಟು ಹೇಳುತ್ತಿತ್ತು. ಹಿಂದೆ ನಿಂತ ಶಿವರಾಜಪ್ಪನವರು, ನಾ ಮೊದಲೇ ಹೇಳಿರಲಿಲ್ಲವೇ ಎನ್ನುವಂತೆ ಗೋಣು ಹಾಕಿದರು. ಸೋಡಾ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಸುಮ್ಮನೇ ಮುಗಿದುಹೋಗುತ್ತಿತ್ತು.

"ತಪ್ಪು ನಂದದ್ರಿ ಸರ್," ಎಂದಳು ಕಾಂತಾಬಾಯಿ. ಅಷ್ಟು ಜೋರಿನ ಬಾಯಿ ಈಗ ಪಿಸುಗುಟ್ಟಿತು. "ಮಂದಿ ನಕ್ಕರಂತ ನಾ ಸೋಡಾ ಹಾಕಿಬಿಟ್ಟೀನಿ. ಹುಡುಗಿ ಬರ್ದಿದ್ದು ಪೂರಾ ಖರೇ ಅದ. ಬೇಕಾದ್ರ ನನಗ ಹೊರಗ ಹಾಕ್ರಿ, ಆಕಿಗಿ ಬ್ಯಾಡ."

ವಿಶಾಖಾ ಅಳುತ್ತಾಳೆ, ಇಲ್ಲವೇ ಮುಖ ತಿರುಗಿಸುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಎರಡೂ ಮಾಡಲಿಲ್ಲ. "ಯಾವಾಗ ಹಾಕಿದ್ರಿ ಆಯಿ?" ಎಂದಳು.

"ಆಗಳೇ... ಇಪ್ಪತ್ತು ನಿಮಿಷ ಆಗಿರಬೇಕವ್ವಾ."

"ಇಪ್ಪತ್ತೇ ನಿಮಿಷಕ್ಕ ಇಷ್ಟು ಮೆತ್ತಗಾತಾ?" ವಿಶಾಖಾ ಪರೀಕ್ಷಕರ ಕಡೆ ತಿರುಗಿದಳು. "ಸರ್, ಬೋರಿನ ನೀರಾಗ ಏನದ್ರಿ? ಸೋಡಾ ಅದಕ್ಕ ಏನ್ ಮಾಡ್ತದ್ರಿ?"

ನಜಮೋದ್ದೀನ ಸರ್ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆಮೇಲೆ ಜಗಲಿಯ ಕಟ್ಟೆಯ ಮೇಲೆ ಕೂತೇಬಿಟ್ಟರು. ಬೋರಿನ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು, ಅದು ಬೇಳೆಯೊಳಗಿನ ಅಂಟನ್ನು ಬಿಗಿಮಾಡುತ್ತದೆ, ಸೋಡಾ ಆ ಬಿಗಿಯನ್ನು ಬಿಡಿಸುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ವಿಶಾಖಾಳ ಕಣ್ಣುಗಳು ಹೊಳೆಯುತ್ತಿದ್ದವು. ಪಕ್ಕದಲ್ಲಿ ಕಾಂತಾಬಾಯಿಯೂ ಬಾಯಿ ತೆರೆದು ಕೇಳುತ್ತ ನಿಂತಿದ್ದಳು.

"ಮುಂಜಾನಿಂದ ಮೂವತ್ತು ಮಕ್ಕಳಿಗಿ ನಾ ಪ್ರಶ್ನೆ ಕೇಳೀನಿ," ಎಂದರು ಸರ್ ಏಳುತ್ತ. "ನನಗ ಪ್ರಶ್ನೆ ಕೇಳಿದಾಕಿ ನೀ ಒಬ್ಬಾಕಿನೇ. ಬೀದರಕ್ಕ ಮೂರು ಬೋಗಾಣಿ ತಗೊಂಡು ಹೋಗು, ಮೂರನೇದ್ರಾಗ ಸೋಡಾ ಹಾಕು. ಆಯಿ, ಎಷ್ಟು ಹಾಕಿದ್ರಿ?"

"ಒಂದು ಚಿಟಿಕಿರಿ."

"ಚಿಟಿಕಿ ಅಂದ್ರ?"

"ಚಿಟಿಕಿ ಅಂದ್ರ ಚಿಟಿಕಿರಿ!"

"ಬೀದರದಾಗ ಅದು ನಡ್ಯಂಗಿಲ್ಲ, ತೂಕ ಬೇಕು," ಎಂದು ನಕ್ಕು ಹೋದರು.

ಆಯ್ಕೆಯ ಪಟ್ಟಿಯಲ್ಲಿ ವಿಶಾಖಾಳ ಹೆಸರಿತ್ತು. ಶಿವರಾಜಪ್ಪನವರು ತಾವೇ ಓದಿ, ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಚಹಾ ಕುಡಿಸಿದರು.

ಬೀದರಿಗೆ ಹೋಗುವ ದಿನ ಕಾಂತಾಬಾಯಿ ಹೋಗಲಿಲ್ಲ. ನೂರಾ ನಲವತ್ತು ಮಕ್ಕಳ ಹೊಟ್ಟೆಯನ್ನು ಯಾರಿಗೆ ಒಪ್ಪಿಸುವುದು? ಮಧ್ಯಾಹ್ನ ಬಡಿಸುತ್ತಿರುವಾಗ ಫೋನು ಬಂತು. ವಿಶಾಖಾಳ ದನಿ.

"ಆಯಿ, ಇಲ್ಲಿ ಸರ್‌ಗೋಳು ಒಪ್ಪಂಗಿಲ್ಲ ಅಂತಾರ್ರಿ. ಕಾಗದದ ಮ್ಯಾಲ ಅರ್ಧ ಗ್ರಾಮ್ ಅಂತ ಬರದೀನಿ, ಯಾರು ತೂಗ್ಯಾರ ಅಂತ ಕೇಳ್ಲತ್ತಾರ. ನಿಮ್ಮ ದನಿ ಎಲ್ಲಾರಿಗೂ ಕೇಳಸ್ತದ್ರಿ, ಹೇಳ್ರಿ."

ಕಾಂತಾಬಾಯಿ ಸೌಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

"ನಾನೇ ತೂಗೀನ್ರಿ. ಸಂತಪುರದ ಪತ್ತಾರನ ಅಂಗಡ್ಯಾಗ, ಬಂಗಾರ ತೂಗೋ ತಕ್ಕಡಿ ಮ್ಯಾಲ. ಒಂದ್ ಸಲ ಅಲ್ಲ, ಹತ್ತು ಸಲ. ಹತ್ತೂ ಸಲದ್ದು ಚೀಟ್ಯಾಗ ಬರಸೀನಿ. ಅರ್ಧ ಗ್ರಾಮಿಗಿ ಒಮ್ಮಿ ಜರಾ ಹೆಚ್ಚು, ಒಮ್ಮಿ ಜರಾ ಕಮ್ಮಿ."

ಆ ಕಡೆ ಗುಜುಗುಜು ಕೇಳಿಸಿತು. ಬಳಿಕ ಒಬ್ಬ ಗಂಡಸಿನ ದನಿ, ಬಹಳ ಮರ್ಯಾದೆಯಿಂದ: "ಹತ್ತು ಸಲ ತೂಗಬೇಕಂತ ನಿಮಗ ಯಾರು ಕಲಿಸಿದ್ರು ತಾಯಿ?"

ಕಾಂತಾಬಾಯಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. ತಾಟು ಹಿಡಿದು ಸಾಲಿನಲ್ಲಿ ನಿಂತ ಮಕ್ಕಳೆಲ್ಲ ಅವಳನ್ನೇ ನೋಡುತ್ತಿದ್ದವು.

"ಅಲ್ಲೇ ನಿಂತಾಳಲ್ರಿ ನಿಮ್ಮ ಮುಂದ, ಒಂಬತ್ತನೇತ್ತ ಹುಡುಗಿ," ಎಂದಳು. "ಆಕಿನೇ ಕಲಿಸ್ಯಾಳ್ರಿ ನನಗ."