ಕುರುಗೋಡಿಗೆ ನಿಂತೇ ಹೋದ ಪ್ರವಾಸಿ

೨೦೨೪ನೇ ಇಸವಿ, ಕಾರ್ತಿಕ ಮಾಸ. ರಸ್ತೆ ಸಾರಿಗೆಯಲ್ಲಿ ಸಂಚಾರ ನಿಯಂತ್ರಕನಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ನಾನು, ಆಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ಸಲಹೆಗಾರನಾಗಿದ್ದೆ. ಸಂಚಾರ ನಿಯಂತ್ರಕನೆಂದರೆ ಬಸ್ ನಿಲ್ದಾಣದಲ್ಲಿ ಕುಳಿತು, ಯಾವ ಬಸ್ಸು ಯಾವ ಹೊತ್ತಿಗೆ ಬಂತು, ಯಾವ ಹೊತ್ತಿಗೆ ಹೊರಡಬೇಕು ಎಂಬುದನ್ನು ನೋಡಿಕೊಳ್ಳುವವನು. ಹೊಸ ಕೆಲಸ ಅದಕ್ಕಿಂತ ಹಗುರವಾಗಿತ್ತು. ದೇಶ ನೋಡಲು ಬಂದವರು ನಮ್ಮ ಸೀಮೆಯ ಯಾವ ಊರಿಗೆ ಯಾವುದರಲ್ಲಿ ಹೋದರೆ ಅನುಕೂಲ, ರೈಲೋ ಬಸ್ಸೋ ಬಾಡಿಗೆ ಕಾರೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದಷ್ಟೆ. ಬೆಳಿಗ್ಗೆ ಶಿವಪೂಜೆ ಮುಗಿಸಿ, ವಿಭೂತಿ ಧರಿಸಿ, ಒಂಬತ್ತಕ್ಕೆ ಕಚೇರಿಯಲ್ಲಿರುತ್ತಿದ್ದೆ.

ಬಾಲ್ಯದಲ್ಲಿ ನಾನು ಮಠದ ಪಾಠಶಾಲೆಯಲ್ಲಿ ಕಾವ್ಯ ಓದಿದವನು. ಶ್ಲೋಕದ ಕೊನೆಯ ಪಾದವನ್ನು ಓದುವ ಮೊದಲು ಅರ್ಥ ಹೇಳಲು ಹೊರಟವರನ್ನು ನಮ್ಮ ಗುರುಗಳು ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಶಿಕ್ಷೆ ಎಪ್ಪತ್ತರ ಸಮೀಪದಲ್ಲಿ ಮತ್ತೊಮ್ಮೆ ನನ್ನ ಪಾಲಿಗೆ ಬರುವುದಿತ್ತು.

ಆ ತಿಂಗಳು ನಾರ್ವೆ ದೇಶದ ಇಂಗ್ರಿಡ್ ಎಂಬ ಅರವತ್ತೆಂಟು ವರ್ಷದ ಮಹಿಳೆಯ ಇಂಗ್ಲಿಷ್ ಪತ್ರ ಬಂತು. ಬೆನ್ನಿನ ಶಸ್ತ್ರಚಿಕಿತ್ಸೆಯಾದವರು. ದೆಹಲಿಯಿಂದ ಕನ್ಯಾಕುಮಾರಿಯವರೆಗೆ ವಿಮಾನ ಹತ್ತದೆ, ನೆಲದ ಮೇಲೆಯೇ ಹೋಗಬೇಕೆಂಬುದು ಅವರ ಬಹುಕಾಲದ ಆಸೆ. ಜೈಪುರಕ್ಕೆ ಕಾರಿನಲ್ಲಿ ಹೋಗಿ ನಾಲ್ಕು ದಿನ ಹಾಸಿಗೆ ಹಿಡಿದಿದ್ದರು. ಇನ್ನೊಮ್ಮೆ ಹಾಗೆ ಮಲಗಿದರೆ ಪ್ರವಾಸ ನಿಲ್ಲಿಸಿ ಮನೆಗೆ ಮರಳುವುದಾಗಿ ಮಗಳಿಗೆ ಮಾತು ಕೊಟ್ಟಿದ್ದರು. ಬಳ್ಳಾರಿಯವರೆಗೆ ರೈಲಿನಲ್ಲಿ ಬರುವುದು ಕಷ್ಟವಿರಲಿಲ್ಲ. ಇಲ್ಲಿಂದ ಒಂದೇ ದಿನದಲ್ಲಿ ಸಿರುಗುಪ್ಪದ ಬಳಿ ತುಂಗಭದ್ರೆಯನ್ನೂ, ಕುರುಗೋಡಿನ ಬಸವೇಶ್ವರ ದೇವಾಲಯವನ್ನೂ ನೋಡಬೇಕು. ಯಾವುದರಲ್ಲಿ ಹೋಗಲಿ ಎಂದು ಕೇಳಿದ್ದರು.

‘ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೂರಲಾರೆ’ ಎಂಬ ಸಾಲು ನನ್ನ ಕಣ್ಣಿಗೆ ಬಿತ್ತು. ವಯಸ್ಸಾದವರು, ಅತಿಥಿ, ಬೆನ್ನು ನೋವು. ನನ್ನ ಮನಸ್ಸು ಅಲ್ಲಿಗೇ ತೀರ್ಮಾನ ಮಾಡಿಬಿಟ್ಟಿತು. ಜೈಪುರದ ಕಾರು ಚಿಕ್ಕದಿರಬೇಕು, ನಡುವೆ ನಿಲ್ಲಿಸಿರಲಿಕ್ಕಿಲ್ಲ ಎಂದುಕೊಂಡೆ. ಊರಿನಲ್ಲಿ ಸಿಗುವ ದೊಡ್ಡ ಕಾರು, ಮೆತ್ತನೆಯ ಸೀಟು, ಬೆನ್ನಿಗೆ ಎರಡು ದಿಂಬು. ಹಾಳೆಯಲ್ಲಿ ಹಾಗೆಯೇ ಬರೆದೆ. ಜೊತೆಗೆ ನಾನೇ ಹೋಗುವುದೆಂದೂ ನಿಶ್ಚಯಿಸಿದೆ.

ಕಾರಿನ ಚಾಲಕ ಕೊಳಗಲ್ಲಿನ ಹುಸೇನಪ್ಪ, ನಲವತ್ತು ದಾಟಿದ ನಿಧಾನಸ್ಥ. ಇಂಗ್ರಿಡ್ ಅವರು ಬಳ್ಳಾರಿಗೆ ಬಂದ ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಸಿರುಗುಪ್ಪಕ್ಕೆ ಸುಮಾರು ಐವತ್ತೈದು ಕಿಲೋಮೀಟರು. ನಡುವೆ ಎರಡು ಕಡೆ ಇಳಿದು ಅಡ್ಡಾಡಿದರೂ ಒಂದೂವರೆ ಗಂಟೆ ಸಾಕೆಂಬುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ನಾನು ಸುಗ್ಗಿಯನ್ನು ಸೇರಿಸಿರಲಿಲ್ಲ. ಅರ್ಧ ದಾರಿ ಕಳೆಯುತ್ತಲೇ ರಸ್ತೆಯ ಒಂದು ಮಗ್ಗುಲಿಗೆ ಭತ್ತ ಕಾಣಿಸಿಕೊಂಡಿತು. ಕಾಲುವೆ ನೀರಿನ ಸೀಮೆ. ಕೊಯ್ದ ಭತ್ತವನ್ನು ಒಣಗಿಸಲು ಡಾಂಬರಿಗಿಂತ ಒಳ್ಳೆಯ ಕಣ ಅಲ್ಲಿಲ್ಲ. ಉಳಿದ ಅರ್ಧ ರಸ್ತೆಯಲ್ಲಿ ಎದುರಿನಿಂದ ಭತ್ತದ ಲಾರಿಗಳು ಸಾಲಾಗಿ ಬರುತ್ತಿದ್ದವು.

“ಒಂದೀಟು ಭತ್ತದ ಅಂಚಿನ ಮೇಲೆ ಹಾಯಿಸಪ್ಪ” ಎಂದೆ.

“ಬ್ಯಾಡ್ರಿ ಸ್ವಾಮ್ಯಾರ, ಕೈ ಮುಗಿತೀನಿ. ಉಣ್ಣೋ ಅನ್ನದ ಮ್ಯಾಲೆ ಗಾಲಿ ಹಾಯ್ಸು ಅಂತ ನೀವಾ ಹೇಳಿದ್ರ ಹೆಂಗ್ರಿ?”

ನನಗೆ ನಾಚಿಕೆಯಾಯಿತು. ಭತ್ತ ಕಾಯುತ್ತಿದ್ದ ಹೆಂಗಸನ್ನು ಸ್ವಲ್ಪ ಸರಿಸಿಕೊಡಲು ಕೇಳಿಕೊಂಡೆ. ಆಕೆ ಕೈಯಲ್ಲಿದ್ದ, ಭತ್ತ ಎಳೆಯುವ ಮರದ ಹಲಗೆಯನ್ನು ನೆಲಕ್ಕೆ ಊರಿ ನಿಂತಳು.

“ಬಸ್ ಬರೋ ಹೊತ್ತಿಗೆ ನಾವಾ ಎಳಕಂತೀವ್ರಿ. ಬಂದ ಬಂದ ಕಾರಿಗೆಲ್ಲ ಎಳಕಂತ ಕುಂತ್ರ ಭತ್ತ ಒಣಗೋದು ಯಾವಾಗ? ಬಸ್ಸಿನ್ಯಾಗ ಬಂದಿದ್ರ ಈ ಪಾಡು ಇರ್ತಿದ್ದಿಲ್ಲ ನೋಡ್ರಿ ನಿಮಗ.”

ಆ ದಾರಿಯ ಬಸ್ಸುಗಳ ವೇಳೆಯನ್ನು ವರ್ಷಾನುಗಟ್ಟಲೆ ಬರೆದವನು ನಾನು. ನನ್ನ ಕಾಗದದ ವೇಳೆಗೆ ಇಲ್ಲಿ ಹೆಂಗಸರು ಭತ್ತ ಎಳೆದು ದಾರಿ ಬಿಡುತ್ತಾರೆಂಬುದನ್ನು ನಿಲ್ದಾಣದ ಕುರ್ಚಿಯಲ್ಲಿ ಕುಳಿತು ಎಂದೂ ತಿಳಿದಿರಲಿಲ್ಲ. ಮುಂದಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಹುಸೇನಪ್ಪ ಕಾರನ್ನು ರಸ್ತೆಯಿಂದ ಕೆಳಗಿಳಿಸಿದ. ಅಲ್ಲಿಂದ ಮುಂದೆ ಹತ್ತು ಕಿಲೋಮೀಟರು ಲಾರಿ ಎದುರಾದಾಗಲೆಲ್ಲ ಕಾರು ಡಾಂಬರಿನಿಂದ ಮಣ್ಣಿಗೆ ಇಳಿಯುವುದು, ಮತ್ತೆ ಏರುವುದು. ಪ್ರತಿ ಸಲವೂ ಇಂಗ್ರಿಡ್ ಅವರು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ಸಿರುಗುಪ್ಪ ತಲುಪಿದಾಗ ಒಂಬತ್ತೂವರೆ. ಅವರ ಮುಖ ಬಿಳಿಚಿಕೊಂಡಿತ್ತು. ಕಾರಿನ ಬಾಗಿಲು ಹಿಡಿದು ನೆಟ್ಟಗಾಗಲು ಬಹಳ ಹೊತ್ತು ಬೇಕಾಯಿತು. ನದಿಯ ದಡದ ಬೇವಿನ ಮರದಡಿ ಮೆಲ್ಲಗೆ ಹೆಜ್ಜೆ ಹಾಕುತ್ತ, ನಿಲ್ಲುತ್ತ, ಒಂದು ಗಂಟೆ ಕಳೆದರು. ಮುಖಕ್ಕೆ ಬಣ್ಣ ಮರಳಿದ ಮೇಲೆ ನನ್ನ ಕಡೆ ತಿರುಗಿ, “ಇದನ್ನು ನಾನು ಪತ್ರದಲ್ಲಿ ಬರೆದಿದ್ದೆನಲ್ಲ” ಎಂದರು.

ಜೇಬಿನಿಂದ ಪತ್ರ ತೆಗೆದು ಓದಿದೆ. ‘ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೂರಲಾರೆ, ಆದರೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ; ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತೇ ದುಡಿದವಳು.’ ನಾನು ಅಲ್ಪವಿರಾಮದವರೆಗೆ ಓದಿ ಕಾರು ಗೊತ್ತುಮಾಡಿದ್ದೆ. ವಯಸ್ಸಾದ ಅತಿಥಿಯನ್ನು ನಿಲ್ಲಿಸುವುದು ನಮ್ಮಲ್ಲಿ ಅಪಚಾರ. ಆ ಸಂಸ್ಕಾರವೇ ಮುಂದಿನ ಸಾಲಿಗೆ ಅಡ್ಡ ನಿಂತಿತ್ತು.

ಹಿಂದಿನ ಸೀಟಿನಲ್ಲಿ ಮಲಗಿಸಿ ನೇರವಾಗಿ ಬಳ್ಳಾರಿಗೆ ಕರೆದೊಯ್ಯುತ್ತೇನೆ ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. “ಸಂಜೆ ಆರಕ್ಕೆ ಮಗಳು ಫೋನ್ ಮಾಡುತ್ತಾಳೆ. ಮಲಗಿದ್ದೇನೆಂದು ಹೇಳಿದರೆ ನನ್ನ ಪ್ರವಾಸ ಇಲ್ಲಿಗೆ ಮುಗಿಯಿತು. ಅವಳಿಗೆ ನಾನು ಸುಳ್ಳು ಹೇಳುವುದಿಲ್ಲ. ಇಲ್ಲಿ ನಿಂತು ಹೋಗುವ ವಾಹನ ಯಾವುದಿದೆ?”

ನಿಂತು ಪ್ರಯಾಣ ಮಾಡಿದವರ ದೂರುಗಳನ್ನೇ ಮೂವತ್ತೊಂದು ವರ್ಷ ಕೇಳಿದವನಿಗೆ ಈ ಪ್ರಶ್ನೆ ಹೊಸದಾಗಿತ್ತು. ಕುರುಗೋಡಿನ ಬಸ್ಸು ಹತ್ತಿಸಿದೆ. ಹುಸೇನಪ್ಪನಿಗೆ ಖಾಲಿ ಕಾರು ತಂದು ಕುರುಗೋಡಿನಲ್ಲಿ ಕಾಯುವಂತೆ ಹೇಳಿದೆ. ಬಸ್ಸಿನ ಎರಡು ಆಕ್ಸಲ್‌ಗಳ, ಎಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ಇರುಸುಗಳ, ನಡುಭಾಗದಲ್ಲಿ ಕುಲುಕಾಟ ಕಡಿಮೆ. ಅಲ್ಲಿಯ ಕಂಬ ಹಿಡಿಸಿ ನಿಲ್ಲಿಸಿದೆ.

ತೊಂದರೆ ಆಗ ಶುರುವಾಯಿತು. ಬಸ್ಸಿನಲ್ಲಿದ್ದ ಯಾರೂ ಅವರನ್ನು ನಿಲ್ಲಗೊಡಲಿಲ್ಲ.

“ಯಮ್ಮಾ, ಕುಂದ್ರು ಬಾರವಾ ಇಲ್ಲಿ.”

“ಲೇ, ಏಳಲೇ ನೀನು! ವಯಸ್ಸಾದಾಕಿ ನಿಂತಾಳ, ಕಲ್ಲಿನಂಗ ಕುಂತಿಯಲ್ಲ!”

ಒಬ್ಬಾಕೆ ಎದ್ದೇ ಬಂದು ತೋಳು ಹಿಡಿದು ಎಳೆದಳು. ಇಂಗ್ರಿಡ್ ಅವರ ಕಣ್ಣಲ್ಲಿ ಗಾಬರಿ ಕಾಣಿಸಿತು. ಬೆನ್ನಿನ ಶಸ್ತ್ರಚಿಕಿತ್ಸೆಯ ವಿಷಯವನ್ನು ನಾನು ಎರಡು ಸಲ ವಿವರಿಸಿದೆ. “ಹಂಗಂದ ಮ್ಯಾಲೆ ಕುಂದ್ರಬೇಕಲ್ರೀ ಮತ್ತ?” ಎಂಬುದೇ ಎಲ್ಲರ ಉತ್ತರ. ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಅಂದು ಬೆಳಗಿನವರೆಗೆ ಅದು ನನ್ನ ತರ್ಕವೂ ಆಗಿತ್ತು.

ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಹೆಣ್ಣುಮಗಳು ಒಂದು ಗಳಿಗೆ ಇದನ್ನೆಲ್ಲ ನೋಡಿ, ಜೋರಾಗಿ ಹೇಳಿದಳು: “ಬಿಡ್ರವಾ ಆಕೀನ! ಕುರುಗೋಡು ಬಸವಣ್ಣಗ ಹರಕಿ ಹೊತ್ತಾಳ. ನಿಂತ್ಕಂಡಾ ಬರ್ತೀನಂತ!”

ತೋಳು ಹಿಡಿದಿದ್ದವಳು ಬೆಂಕಿ ಮುಟ್ಟಿದಂತೆ ಕೈ ತೆಗೆದಳು. ಹಿಂದಿನಿಂದ ಯಾರೋ, “ನಮ್ಮ ಬಸವಣ್ಣ ಫಾರಿನ್ ಮಟ ಹೋಗ್ಯಾನ ಅನ್ರಪಾ. ಪಾಸ್‌ಪೋರ್ಟ್ ಯಾವಾಗ ಮಾಡಿಸಿದ್ನೋ!” ಎಂದರು. ನಗೆ ಎದ್ದಿತು. ಆದರೆ ಮುಂದಿನ ಸೀಟಿನ ಮುದುಕಿ ನಗಲಿಲ್ಲ. ನನ್ನ ಹಣೆಯ ವಿಭೂತಿಯನ್ನು ನೋಡಿ ಕೇಳಿದಳು: “ಖರೇ ಏನ್ರಿ ಸ್ವಾಮ್ಯಾರ?”

ನಾನು ಹೌದೆಂದು ತಲೆಯಾಡಿಸಿದೆ.

ಆಮೇಲೆ ಯಾರೂ ಅವರನ್ನು ಕೂರಿಸಲು ನೋಡಲಿಲ್ಲ. ಮುದುಕಿ ತನ್ನ ಮುಡಿಯ ಸೇವಂತಿಗೆಯನ್ನು ಅವರ ಕೈಗಿಟ್ಟಳು. ದಾರಿಯಲ್ಲಿ ಭತ್ತದ ಹೆಂಗಸರು ಬಸ್ಸಿನ ಸದ್ದಿಗೆ ಹಲಗೆ ಎಳೆದು ಡಾಂಬರನ್ನು ಬಿಟ್ಟುಕೊಟ್ಟರು. ಎಲ್ಲಿಯೂ ಮಣ್ಣಿಗೆ ಇಳಿಯದೆ ಬಸ್ಸು ಕುರುಗೋಡು ಸೇರಿತು. ಇಂಗ್ರಿಡ್ ಅವರು ಯಾರ ಆಸರೆಯೂ ಇಲ್ಲದೆ ಇಳಿದರು.

ದೇವಾಲಯದಲ್ಲಿ ಏಕಶಿಲೆಯ ದೊಡ್ಡ ಬಸವಣ್ಣ ಕಾಲು ಮಡಿಸಿ ಕುಳಿತಿದ್ದಾನೆ. ಅವನೆದುರು ನಿಂತು ನಮಸ್ಕರಿಸಲು ನನಗೆ ಕೈ ಏಳಲಿಲ್ಲ. ಬಸ್ಸಿನಲ್ಲಿ ನಡೆದದ್ದನ್ನು ಇಂಗ್ರಿಡ್ ಅವರಿಗೆ ಪೂರ್ತಿಯಾಗಿ ಹೇಳಿದೆ. ಅವರು ಕೈಯಲ್ಲಿದ್ದ ಹೂವನ್ನು ನೋಡಿದರು.

“ಇದು ಆ ಹರಕೆಗೆ ಬಂದ ಹೂವೇ?”

“ಹೌದು.”

ಹೂವನ್ನು ಅರ್ಚಕರ ತಟ್ಟೆಯಲ್ಲಿಟ್ಟು, “ಹಾಗಾದರೆ ನನ್ನ ಪಾಲಿನದನ್ನು ನಾನು ಇವತ್ತಿನಿಂದ ತೀರಿಸುತ್ತೇನೆ, ಕನ್ಯಾಕುಮಾರಿಯವರೆಗೆ. ನಿಮ್ಮ ಪಾಲಿನದು ನಿಮಗೆ ಬಿಟ್ಟದ್ದು” ಎಂದರು.

ಕಾಯುತ್ತಿದ್ದ ಕಾರನ್ನು ಬಿಟ್ಟು ಬಳ್ಳಾರಿಗೂ ಬಸ್ಸಿನಲ್ಲೇ ಬಂದರು. ಆರು ಗಂಟೆಗೆ ಫೋನ್ ಬಂದಾಗ ನಮ್ಮ ಕಚೇರಿಯ ಜಗಲಿಯಲ್ಲಿ ನಿಂತಿದ್ದರು. ಬೆಳಗಿನ ನೋವನ್ನೂ, ಮಧ್ಯಾಹ್ನದ ನೆಮ್ಮದಿಯನ್ನೂ ಮಗಳಿಗೆ ಮುಚ್ಚಿಡದೆ ಹೇಳಿದರಂತೆ. ಮಾತು ಮುಗಿದ ಮೇಲೆ ನನ್ನನ್ನು ಕೇಳಿದ ಪ್ರಶ್ನೆ ಒಂದೇ: “ನಾಳೆ ರೈಲು ಎಷ್ಟು ಗಂಟೆಗೆ?” ಮೂರು ವಾರದ ಮೇಲೆ ಒಂದು ಚಿತ್ರ ಬಂತು. ಅವರ ಹಿಂದೆ ಸಮುದ್ರವಿತ್ತು.

ನನ್ನ ಸಲಹೆಯ ಹಾಳೆಯಲ್ಲಿ ಮೊದಲು ಊರುಗಳ ಹೆಸರು, ಆಮೇಲೆ ವಾಹನ ಬರೆಯುವ ಕ್ರಮವಿತ್ತು. ಈಗ ಮೊದಲ ಸಾಲು ಬೇರೆ. ಎಷ್ಟು ಹೊತ್ತು ಕೂರಬಲ್ಲಿರಿ, ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂದು ಕೇಳಿ, ಉತ್ತರವನ್ನು ಕೊನೆಯವರೆಗೆ ಓದಿದ ಮೇಲೆಯೇ ವಾಹನದ ಮಾತು. ನಮಗೆ ಯಾವುದು ಸುಖವೋ ಅದನ್ನೇ ಅತಿಥಿಗೆ ಬಡಿಸುವುದು ಉಪಚಾರವಲ್ಲ ಎಂಬುದನ್ನು ಈ ವೃತ್ತಿ ನನಗೆ ಬಹಳ ತಡವಾಗಿ ಕಲಿಸಿತು.

ಆ ಚಿತ್ರ ಬಂದ ಮೇಲಿನ ಸೋಮವಾರ ಪೂಜೆ ಮುಗಿಸಿ ನಾನೊಬ್ಬನೇ ಕುರುಗೋಡಿನ ಬಸ್ಸು ಹತ್ತಿದೆ. ನಡುವಿನ ಕಂಬ ಹಿಡಿದು ನಿಂತೆ. ಕೊಳಗಲ್ಲು ದಾಟುವಷ್ಟರಲ್ಲಿ ಕಂಬವನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಎದ್ದು ಜಾಗ ಬಿಟ್ಟಳು.

“ಕುಂದರ್ರಿ ತಾತ.”

“ಬ್ಯಾಡವಾ, ನೀ ಕುಂದ್ರು. ಹರಕಿ ಐತಿ” ಎಂದೆ.

ಈ ಸಲ ಅದು ಖರೆಯಾಗಿತ್ತು.