ಎಡ ಅಂಚಿನ ನೀರು

ನನ್ನ ಭಾವನ ಕಣ್ಣಿಗೆ ಹುಲ್ಲು ಬಿಟ್ಟು ಬೇರೇನೂ ಬೀಳುವುದಿಲ್ಲ. ಅಕ್ಕ ಕನ್ನಡಕ ಬದಲಾಯಿಸಿ ಎರಡು ವಾರವಾದ ಮೇಲೆ, "ಏನೇ, ಮುಖ ಒಂಥರಾ ಕಾಣ್ತಿದೆ, ಜ್ವರಾನಾ?" ಎಂದು ಕೇಳಿದ ಮಹಾನುಭಾವರು ಅವರು. ಅದೇ ಮೈದಾನದ ಮೂಲೆಯಲ್ಲಿ ಅಂಗೈಯಗಲ ಹುಲ್ಲು ಹಳದಿಗೆ ತಿರುಗಿದರೆ ಗೇಟಿನ ಹತ್ತಿರ ಸೈಕಲ್ ಇಳಿಯುವಾಗಲೇ ಗೊತ್ತಾಗುತ್ತದೆ. ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಮೈದಾನವನ್ನು ಅವರು ಇಪ್ಪತ್ತಾರು ವರ್ಷ ನೋಡಿಕೊಂಡರು. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ನೀರು ಹಾಕುವುದು, ಪಂದ್ಯದ ಮಾರನೆಯ ದಿನ ಮಂಡಿಯೂರಿ ಕಿತ್ತುಹೋದ ಜಾಗಕ್ಕೆಲ್ಲ ಮರಳು, ಬೀಜ ತುಂಬುವುದು. ಆಟ ನಡೆಯುವಾಗಲೂ ಚೆಂಡು ಎಲ್ಲಿದೆ ಎಂದು ನೋಡುತ್ತಿರಲಿಲ್ಲ, ಕಾಲುಗಳನ್ನು ನೋಡುತ್ತಿದ್ದರು. ಆಟಗಾರರ ಮುಖವೂ ನೆನಪಿರುತ್ತಿರಲಿಲ್ಲ. "ಹಿಮ್ಮಡಿ ಎಳೆದು ಓಡ್ತಾನಲ್ಲ, ಅವನು" ಎಂದರೆ ಯಾರೆಂದು ನಾವೇ ಅರ್ಥ ಮಾಡಿಕೊಳ್ಳಬೇಕು.

ನಾನು ಅವರ ಹೆಂಡತಿಯ ತಮ್ಮ, ಕ್ಷೌರಿಕ. ನನ್ನ ಅಂಗಡಿ ಮೈದಾನದ ಎರಡನೇ ಗೇಟಿನ ಎದುರಿಗೇ ಇದೆ. ಮೂರು ಕುರ್ಚಿ. ಅದರಲ್ಲೊಂದು ಕೆಟ್ಟಿದೆ, ಕೂತವರು ತಮಗೇ ತಿಳಿಯದ ಹಾಗೆ ನಿಧಾನವಾಗಿ ಕೆಳಗಿಳಿಯುತ್ತಾರೆ. ಶನಿವಾರ ಪಂದ್ಯ ಮುಗಿದರೆ ಊರಿನ ಕೋರ್ಟು ಅಲ್ಲೇ ಸೇರುತ್ತದೆ. ಕೂದಲು ಕತ್ತರಿಸಿಕೊಳ್ಳುವವರು ಇಬ್ಬರು, ತೀರ್ಪು ಕೊಡುವವರು ಹನ್ನೆರಡು ಜನ. ನಿವೃತ್ತ ಹೆಡ್‌ಮಾಸ್ತರರಿಗೆ ತಲೆಯಲ್ಲಿ ಕತ್ತರಿಸಲು ಏನೂ ಉಳಿದಿಲ್ಲ, ಆದರೂ ಒಂದು ಶನಿವಾರವೂ ತಪ್ಪಿಸುವುದಿಲ್ಲ.

ನಮ್ಮ ತಂಡದ ಎಡಗಡೆಯಲ್ಲಿ ಹನ್ನೊಂದು ವರ್ಷ ಒಬ್ಬನೇ ಆಡಿದ. ಎಡಚ ಎಂದರೆ ಊರಿಗೆಲ್ಲ ಗೊತ್ತು. ಮಂಡಿ ಎರಡೂ ಹೋದ ಮೇಲೆ ಅವನು ಬಿಟ್ಟ. ಅವನ ಜಾಗಕ್ಕೆ ಕ್ಲಬ್ಬಿನವರು ದೂರದೂರಿನಿಂದ ಹೊಸಬನನ್ನು ಕರೆತಂದರು. ಎತ್ತರದ ಆಳು, ಮಾತು ಕಡಿಮೆ. ಅವನು ಬಸ್ಸಿಳಿದು ಬ್ಯಾಗು ಹೊತ್ತು ನಡೆದು ಬಂದದ್ದನ್ನು ನಾವು ಅಂಗಡಿಯ ಬಾಗಿಲಿನಿಂದಲೇ ನೋಡಿದೆವು. ನಡಿಗೆ ನೋಡಿಯೇ ಅರ್ಧ ಜನ ಅವನನ್ನು ಆಕಾಶಕ್ಕೇರಿಸಿದರು.

ಮೊದಲ ಪಂದ್ಯ. ಮೊದಲರ್ಧದಲ್ಲಿ ಅವನು ಹೇಗಾಡಿದ ಎಂದು ಈಗ ಯಾರನ್ನೇ ಕೇಳಿ, ನೆನಪಿಲ್ಲ. ನೆನಪಿರುವುದೆಲ್ಲ ಎರಡನೇ ಅರ್ಧ. ಒಂದು ಸಲ ಚೆಂಡು ತೆಗೆದುಕೊಳ್ಳಲು ಹೋಗಿ ಜಾರಿ ಬಿದ್ದ, ಎದುರಾಳಿಗಳು ಆ ಚೆಂಡನ್ನೇ ಎತ್ತಿಕೊಂಡು ಹೋಗಿ ಗೋಲು ಹೊಡೆದರು. ಇನ್ನೊಂದು ಸಲ ಜನ ಕೂತಿದ್ದ ಮೆಟ್ಟಿಲುಗಳ ಮುಂದೆಯೇ ಬಿದ್ದ, ಯಾರೂ ಅಟ್ಟಿಸಿಕೊಂಡು ಬಂದಿರಲಿಲ್ಲ. ಮೂರನೆಯ ಸಲ ಅವನ ಮುಂದಿದ್ದದ್ದು ಗೋಲ್‌ಕೀಪರ್ ಒಬ್ಬನೇ. ಕಾಲೆತ್ತಿದ, ಅಂಡಿನ ಮೇಲೆ ಕೂತ. ಚೆಂಡು ಉರುಳುತ್ತಾ ಹೋಗಿ ಕೀಪರನ ಕೈ ಸೇರಿತು. ಸೋತೆವು.

ಆ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಇಷ್ಟು ದೂರದಿಂದ ಕರಕೊಂಡು ಬಂದದ್ದು ಇದಕ್ಕಾ?" ಎಂದರು ಹೆಡ್‌ಮಾಸ್ತರರು.

"ನಮ್ಮ ಬಸ್ಸಲ್ಲಿ ನಿಂತು ಪ್ರಯಾಣ ಮಾಡೋ ಮುದುಕಿಯರೂ ಇಷ್ಟು ಬೀಳಲ್ಲ ಬಿಡಿ" ಎಂದ ಬಸ್ ಕಂಡಕ್ಟರ್.

"ಆಟಗಾರ ಅಲ್ಲ ಮಾರಾಯ, ಜಾರುಬಂಡಿ!" ಎಂದವನು ನಾನು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಗ ಕೆಟ್ಟ ಕುರ್ಚಿಯಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದ ಭಾವ ಬಾಯಿಬಿಟ್ಟರು. ಅವರು ಆಟಗಾರರ ಬಗ್ಗೆ ವರ್ಷಕ್ಕೊಂದು ಮಾತಾಡಿದರೆ ಹೆಚ್ಚು.

"ಅವನ ಕಾಲಿಗೆ ನೆಲ ಗೊತ್ತಿಲ್ಲ" ಎಂದರು.

ಅಲ್ಲಿಗೆ ಮುಗಿಯಿತು. ಕಾಲಿನ ವಿಷಯದಲ್ಲಿ ಭಾವನ ಮಾತೆಂದರೆ ಊರಲ್ಲಿ ಮೇಲ್ಮನವಿಯಿಲ್ಲ. ಭಾನುವಾರ ಬೆಳಗಾಗುವಷ್ಟರಲ್ಲಿ ಮೈದಾನದ ಗೋಡೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದೊಡ್ಡದಾಗಿ 'ಜಾರುಬಂಡಿ' ಎಂದು ಬರೆದಿದ್ದರು. ಕೋಚು ಅವನನ್ನು ಮುಂದಿನ ಪಂದ್ಯಕ್ಕೆ ಕೈಬಿಡುತ್ತಾರಂತೆ, ತಿಂಗಳೊಳಗೆ ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಅದು ಸುಳ್ಳಲ್ಲ, ಕ್ಲಬ್ಬಿನ ಗುಮಾಸ್ತನೇ ನನ್ನ ಗಿರಾಕಿ.

ಭಾನುವಾರ ಮಧ್ಯಾಹ್ನದ ಊಟ ನನಗೆ ಅಕ್ಕನ ಮನೆಯಲ್ಲಿ. ಭಾವ ಮೈದಾನದಿಂದ ತಡವಾಗಿ ಬಂದರು. ಪ್ಯಾಂಟಿನ ಮಂಡಿಗಳು ಮಣ್ಣಾಗಿದ್ದವು. ತಟ್ಟೆಯ ಮುಂದೆ ಕೂತರು, ಕೈ ಹಾಕಲಿಲ್ಲ.

"ಮೂರೂ ಒಂದೇ ಕಡೆ ಇವೆ" ಎಂದರು.

"ಏನು ಮೂರು?" ಎಂದಳು ಅಕ್ಕ.

"ಅವನು ಜಾರಿದ ಗುರುತು. ಮೂರೂ ಎಡ ಅಂಚಿನಲ್ಲೇ. ಮೊದಲರ್ಧದಲ್ಲಿ ಅವನು ಓಡಾಡಿದ ಕಡೆ ಹುಡುಕಿದೆ, ಒಂದು ಕಡೆಯೂ ಕಾಲು ತಪ್ಪಿಲ್ಲ." ಮಂಡಿಯ ಮಣ್ಣು ಕೆರೆದರು. "ಅಲ್ಲಿ ನೀರು ಹಾಕಿದ್ದು ನಾನು."

ಆಗ ವಿಷಯ ಹೊರಬಂತು. ಎಡಚನಿಗೆ ಒದ್ದೆ ಹುಲ್ಲೆಂದರೆ ಪ್ರಾಣ. ಒದ್ದೆಯಲ್ಲಿ ಚೆಂಡು ಸರ್ರನೆ ಜಾರಿ ಮುಂದೆ ಹೋಗುತ್ತದೆ, ತಡೆಯಲು ಬಂದವನು ಕಾಲು ಜಾರಿ ಹಿಂದುಳಿಯುತ್ತಾನೆ. ಎಡಚ ಮಾತ್ರ ಉದ್ದ ಮೊಳೆಯ ಬೂಟು ಹಾಕಿಕೊಂಡು ನಿಲ್ಲುತ್ತಿದ್ದ. ಬಂದ ವರ್ಷವೇ ಅವನು ಭಾವನನ್ನು ಕೇಳಿಕೊಂಡಿದ್ದ: ವಿರಾಮದಲ್ಲಿ ನನ್ನ ಕಡೆ ಸ್ವಲ್ಪ ಜಾಸ್ತಿ ನೀರು ಬಿಡಿ. ಎರಡನೇ ಅರ್ಧದಲ್ಲಿ ನಮ್ಮವರು ಯಾವ ಕಡೆ ನುಗ್ಗುತ್ತಾರೋ ಆ ಕಡೆಯ ಎಡ ಅಂಚಿಗೆ ಭಾವ ಹನ್ನೊಂದು ವರ್ಷ ಪೈಪು ಹಿಡಿದರು. ಐದು ಜನ ಕೋಚುಗಳು ಬಂದು ಹೋದರು, ಯಾರಿಗೂ ಗೊತ್ತಿಲ್ಲ. ವಿರಾಮದಲ್ಲಿ ಮೈದಾನದವನು ನೀರು ಹಾಕುತ್ತಿದ್ದರೆ ಯಾಕೆಂದು ಯಾರು ಕೇಳುತ್ತಾರೆ? ಸಾವಿರಾರು ಜನರ ಕಣ್ಣೆದುರಿಗೇ ನಡೆಯುತ್ತಿತ್ತು.

"ಎಡಚ ಹೋದ ಅನ್ನೋದು ತಲೆಗೆ ಗೊತ್ತಿತ್ತು ಕಣೋ, ಕೈಗೆ ಗೊತ್ತಿರಲಿಲ್ಲ. ವಿರಾಮ ಅಂದ ತಕ್ಷಣ ಹೋಗಿ ನಲ್ಲಿ ತಿರುಗಿಸಿತು" ಎಂದರು ಭಾವ. "ಆ ಹುಡುಗ ಗಟ್ಟಿ ನೆಲದವನು. ಮೊಳೆ ನೋಡಿದೆ, ಇಷ್ಟಿಷ್ಟೇ ಇವೆ. ನೆಲ ಗೊತ್ತಿಲ್ಲ ಅಂತ ನಾನೇ ಅಂದುಬಿಟ್ಟೆ."

ನಾನು ಹೇಳಿದೆ, "ಭಾವ, ಸುಮ್ಮನಿದ್ದುಬಿಡಿ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಮುಂದಿನ ಸಲ ನೀರು ಹಾಕಬೇಡಿ, ಮುಗಿದುಹೋಯ್ತು."

"ಮುಂದಿನ ಸಲ ಅವನು ಇರ್ತಾನಾ?"

"ಹೇಳಿದರೆ ಮೈದಾನ ಹೋಗುತ್ತೆ ನಿಮ್ಮದು" ಎಂದೆ.

ಅಕ್ಕ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದಳು. "ಹೇಳದೆ ಹೋದರೆ ಇವರು ಎರಡು ವರ್ಷ ಹೀಗೇ ತಟ್ಟೆ ಮುಂದೆ ಕೂತಿರ್ತಾರೆ. ಮಾಡಿ ಹಾಕೋಳು ನಾನು. ನಾಳೆ ಹೋಗಿ ಹೇಳಿಬಿಡಿ ನೀವು" ಎಂದಳು. ನನ್ನ ಕಡೆ ತಿರುಗಿ, "ನೀನು ಊಟ ಮಾಡು, ಬುದ್ಧಿ ಆಮೇಲೆ ಹೇಳುವಿಯಂತೆ" ಎಂದಳು.

ಸೋಮವಾರ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋಚಿನ ಕೋಣೆಗೆ ಹೋದರು. ಅಲ್ಲಿ ನಡೆದದ್ದನ್ನು ಅವರು ನಮಗೆ ನಾಲ್ಕೇ ಮಾತಿನಲ್ಲಿ ಹೇಳಿದರು, ಉಳಿದದ್ದನ್ನು ಗುಮಾಸ್ತ ತುಂಬಿಸಿದ. ಎಲ್ಲವನ್ನೂ ಕೇಳಿಸಿಕೊಂಡು ಕೋಚು ಮೊದಲು ಹೇಳಿದ್ದು ಬೇರೆಯೇ ಮಾತು.

"ಅವನು ನಿನ್ನೇನೇ ಬಂದಿದ್ದ. ಬೂಟು ಆರಿಸಿದ್ದು ತಪ್ಪಾಯ್ತು, ನನ್ನದೇ ತಪ್ಪು ಅಂದ. ನೆಲ ಒದ್ದೆ ಇತ್ತಾ ಅಂತ ನಾನೇ ಕೇಳಿದೆ. ನಾನು ನೋಡಿಕೊಂಡು ಹೆಜ್ಜೆ ಇಡಬೇಕಿತ್ತು ಅಂದ, ಅಷ್ಟೇ."

ಜಾರಿದವನಿಗೆ ನೆಲ ಯಾಕೆ ಜಾರಿತೆಂದು ಗೊತ್ತಿರುವುದಿಲ್ಲವೇ? ವಿರಾಮ ಮುಗಿಸಿ ಹೊರಬರುವಾಗ ಪೈಪು ಸುತ್ತುತ್ತಿದ್ದ ಭಾವನನ್ನು ಅವನು ದಾಟಿಕೊಂಡೇ ಹೋಗಿದ್ದ. ಒಂದು ಮಾತು ಅಂದಿದ್ದರೆ ಸಾಕಿತ್ತು, ಅವನ ಮೇಲಿನ ಬಯ್ಗುಳವೆಲ್ಲ ಇತ್ತ ತಿರುಗುತ್ತಿತ್ತು.

ಆಮೇಲೆ ಕೋಚು ಕೇಳಿದರಂತೆ, "ಹನ್ನೊಂದು ವರ್ಷ ಯಾರನ್ನು ಕೇಳಿ ನೀರು ಹಾಕಿದ್ರಿ?" ಭಾವ, "ಎಡಚ ಕೇಳಿದ, ಹಾಕಿದೆ" ಎಂದರು. ಮಾರನೆಯ ದಿನ ದೊಡ್ಡ ಮೈದಾನದ ಬೀಗದ ಕೈ ಗುಮಾಸ್ತನಿಗೆ ಒಪ್ಪಿಸಿದರು. ಅವರನ್ನು ಊರಾಚೆಯ ಅಭ್ಯಾಸದ ಮೈದಾನಕ್ಕೆ ಹಾಕಿದರು. ಅಲ್ಲಿ ಅರ್ಧ ಹುಲ್ಲು, ಅರ್ಧ ಕಳೆ. ಸೈಕಲ್‌ನಲ್ಲಿ ಮುಕ್ಕಾಲು ಗಂಟೆ. ಹೊಸಬನಿಗೆ ಶನಿವಾರದ ಪಂದ್ಯದಲ್ಲಿ ಜಾಗ ಸಿಕ್ಕಿತು.

ಆ ಶನಿವಾರ ಅವನು ಏನೂ ಪವಾಡ ಮಾಡಲಿಲ್ಲ. ಬೀಳಲಿಲ್ಲ. ಎರಡು ಸಲ ಒಳ್ಳೆಯ ಚೆಂಡು ಕೊಟ್ಟ, ಒಂದರಿಂದ ಗೋಲು ಬಂತು, ಗೆದ್ದೆವು. ಸಂಜೆ ಹೆಡ್‌ಮಾಸ್ತರರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು.

"ನಾನು ಅವತ್ತೇ ಅಂದುಕೊಂಡಿದ್ದೆ, ಇವನಲ್ಲಿ ಏನೋ ಇದೆ ಅಂತ."

"ಅಂದುಕೊಂಡಿದ್ದು ನಮಗೆ ಕೇಳಿಸಲಿಲ್ಲ ಸಾರ್" ಎಂದೆ.

"ಅದಿರಲಿ, ನಿಮ್ಮ ಭಾವನದ್ದೇನು ಕತೆ? ನೀರು ಹಾಕಿ ಬೀಳಿಸಿದ್ರಂತೆ?" ಎಂದ ಕಂಡಕ್ಟರ್. ಸುದ್ದಿ ಗುಮಾಸ್ತನ ಹೊಟ್ಟೆಯಲ್ಲಿ ಐದು ದಿನವೂ ನಿಂತಿರಲಿಲ್ಲ. "ವಯಸ್ಸಾಯ್ತು ಬಿಡಿ, ಕೈ ಹಿಡಿತ ತಪ್ಪಿದೆ. ಎಷ್ಟು ವರ್ಷದಿಂದ ಮೈದಾನ ಹಾಳು ಮಾಡ್ತಿದ್ರೋ ಯಾರಿಗೆ ಗೊತ್ತು!"

"ಮೊದಲೇ ಕಳಿಸಬೇಕಿತ್ತು ಅವರನ್ನ" ಎಂದರು ಇನ್ಯಾರೋ.

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತಾರು ವರ್ಷ! ಇದೇ ಜನ, 'ನಿಮ್ಮ ಭಾವನ ಹುಲ್ಲಿನ ಮೇಲೆ ಹಾಸಿಗೆ ಇಲ್ಲದೆ ಮಲಗಬಹುದು' ಎಂದು ಇದೇ ಕನ್ನಡಿಯ ಮುಂದೆ ಹೊಗಳಿದವರು. ಕಂಡಕ್ಟರನ ಗಡ್ಡದ ಮೇಲಿದ್ದ ರೇಜರು ತೆಗೆದೆ. "ಎದ್ದೇಳಿ. ಇನ್ನರ್ಧ ಗಡ್ಡ ಬೇರೆ ಕಡೆ ಮಾಡಿಸಿಕೊಳ್ಳಿ" ಎಂದೆ. ತಮಾಷೆ ಎಂದುಕೊಂಡ. ಅಲ್ಲವೆಂದು ಗೊತ್ತಾದ ಮೇಲೆ ಟವೆಲಿನಿಂದ ಸೋಪು ಒರೆಸಿಕೊಂಡು ಹೋದ. ಮುಂದಿನ ಶನಿವಾರ ಮತ್ತೆ ಬಂದ, ನಾನೂ ಮಾಡಿದೆ. ಬೇರೆ ಅಂಗಡಿ ದೂರ.

ಒಂದು ತಿಂಗಳಾದ ಮೇಲೆ ಅಕ್ಕ ನನ್ನ ಕೈಯಲ್ಲಿ ಭಾವನಿಗೆ ಊಟದ ಡಬ್ಬಿ ಕಳಿಸಿದಳು. ಅಭ್ಯಾಸ ಮುಗಿದಿತ್ತು, ಆಟಗಾರರೆಲ್ಲ ಹೋಗಿದ್ದರು. ಎಡ ಅಂಚಿನಲ್ಲಿ ಹೊಸಬನೊಬ್ಬನೇ ಇದ್ದ. ಭಾವ ಪೈಪು ಹಿಡಿದು ನಿಂತಿದ್ದರು.

"ನಿನಗೆ ಎಷ್ಟು ನೀರು ಬೇಕಪ್ಪ?" ಎಂದು ಕೇಳುತ್ತಿದ್ದರು. "ಅವತ್ತೇ ಕೇಳಬೇಕಿತ್ತು ನಾನು."

"ಎಡಚನವರಿಗೆ ಹಾಕ್ತಿದ್ದಷ್ಟೇ ಹಾಕಿ ಯಜಮಾನ್ರೇ" ಎಂದ ಅವನು. ಕಾಲೆತ್ತಿ ಬೂಟಿನ ತಳ ತೋರಿಸಿದ. ಉದ್ದ ಮೊಳೆಗಳು. "ಊರು ಅವರದು. ನಾನೇ ಕಲೀಬೇಕು."

ಭಾವ ನೀರು ಬಿಟ್ಟರು. ಅವನು ಓಡಿದ, ಜಾರಿದ, ಎದ್ದ, ಮತ್ತೆ ಓಡಿದ. ಭಾವ ಅವನ ಕಾಲು ನೋಡುತ್ತಾ, "ಹಿಮ್ಮಡಿ ಮೊದಲು ಇಡಬೇಡ" ಎಂದು ಕೂಗುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಅವನು ಬೆವರೊರೆಸಿಕೊಂಡು ನಮ್ಮ ಹತ್ತಿರ ಬಂದ. ಭಾವ ನನ್ನನ್ನು ತೋರಿಸಿ, "ನನ್ನ ಹೆಂಡತಿ ತಮ್ಮ. ಎರಡನೇ ಗೇಟಿನ ಎದುರು ಕಟಿಂಗ್ ಅಂಗಡಿ" ಎಂದರು.

"ಓಹೋ, ನನಗೆ ಹೆಸರಿಟ್ಟ ಅಂಗಡಿ!" ಎಂದು ಅವನು ನಕ್ಕ. ಆ ನಗೆಯಲ್ಲಿ ಸಿಟ್ಟಿರಲಿಲ್ಲ. "ಊರಲ್ಲಿ ನಮ್ಮಮ್ಮನ ಕಿವಿಗೂ ಬಿದ್ದಿದೆ. ಫೋನ್ ಮಾಡಿದಾಗೆಲ್ಲ, ಈಗಲೂ ಹಾಗೇ ಕರೀತಾರಾ ಅಂತ ಕೇಳ್ತಾರೆ. ಯಾರಣ್ಣ ಇಟ್ಟದ್ದು ಅದನ್ನ?"

ಭಾವ ನನ್ನ ಮುಖ ನೋಡಿದರು. ಅವತ್ತು ಸೋಪು ಹಚ್ಚಿದ ಮುಖದಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು.

"ಯಾರೋ ಗಿರಾಕಿ" ಎಂದೆ. "ಜನ ಬರ್ತಾರೆ, ಹೋಗ್ತಾರೆ."

ಭಾವ ಪೈಪು ಎತ್ತಿಕೊಂಡು ನಲ್ಲಿ ನಿಲ್ಲಿಸಲು ಹೋದರು.

ಈಗ ಅವನು ತಿಂಗಳಿಗೊಮ್ಮೆ ನನ್ನ ಅಂಗಡಿಗೇ ಬರುತ್ತಾನೆ. ಚೆನ್ನಾಗಿ ಆಡುತ್ತಾನೆ, ಊರಿಗೆ ಅವನೆಂದರೆ ಜೀವ, ಆದರೆ ಹೆಸರು ಅದೇ ಉಳಿದಿದೆ. ಈಗ ಪ್ರೀತಿಯಿಂದ ಕರೆಯುತ್ತಾರೆ. ಅವನು ಕತ್ತು ಬಗ್ಗಿಸಿ ಕಣ್ಣುಮುಚ್ಚಿ ಕೂರುತ್ತಾನೆ. ಹಿಂದಿನ ಕೂದಲು ಸಮ ಮಾಡುವಾಗ ಪ್ರತಿ ಸಲವೂ ಇವತ್ತು ಹೇಳಿಬಿಡೋಣ ಎಂದುಕೊಳ್ಳುತ್ತೇನೆ. ನನ್ನದೇನೂ ಹೋಗುವುದಿಲ್ಲ, ಭಾವನ ಹಾಗೆ ಬೀಗದ ಕೈ ಒಪ್ಪಿಸಬೇಕಾಗಿಲ್ಲ. ಅವನು ಎದ್ದು ಕನ್ನಡಿ ನೋಡಿಕೊಂಡು, "ಚೆನ್ನಾಗಾಯ್ತಣ್ಣ" ಎನ್ನುತ್ತಾನೆ. ನಾನು ಬಟ್ಟೆ ಕೊಡವಿ ಮುಂದಿನವರನ್ನು ಕರೆಯುತ್ತೇನೆ.