ಯಾರ ಪಾಲಿಗೂ ಬಾರದ ಪೈಪು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಆಗ ನಾನು ಗಾಳಿಬೀಡಿನಿಂದ ಮಾದಾಪುರದವರೆಗಿನ ಕಾಫಿ ಎಸ್ಟೇಟುಗಳಲ್ಲಿ ಫಿಟ್ಟರ್ ಕೆಲಸ ಮಾಡುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ನಾನು ಕೂಡಿಸಿದ ಜಾಯಿಂಟಿನಲ್ಲಿ ಒಂದು ಹನಿ ಸೋರಿದ್ದನ್ನು ತೋರಿಸಿದವರಿಲ್ಲ, ಅದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಹಣ್ಣಿನ ಜೊತೆ ನೀರೂ ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೇ ಗುಡ್ಡದ ಮೇಲೊಂದು ತೊಟ್ಟಿ, ಅಲ್ಲಿಂದ ಕೆಳಕ್ಕೆ ಪೈಪು. ಮಳೆಗಾಲದಲ್ಲಿ ಕೊಂಬೆ ಬಿದ್ದು ಒಡೆಯುತ್ತದೆಂದು ಪೈಪನ್ನು ಬಿಚ್ಚಿ ಒಳಗಿಡುತ್ತಿದ್ದರು. ಪಿಕಿಂಗ್, ಅಂದರೆ ಹಣ್ಣಿನ ಕುಯ್ಲು, ಶುರುವಾದಾಗ ಮತ್ತೆ ಕೂಡಿಸಲು ನನಗೆ ಕರೆ ಬರುತ್ತಿತ್ತು.

ಗಾಳಿಬೀಡಿನ ಹತ್ತಿರ ದೇವಯ್ಯ, ಚಿಣ್ಣಪ್ಪ ಎಂಬ ಅಣ್ಣತಮ್ಮಂದಿರ ತೋಟ. ಆ ಮಳೆಗಾಲದಲ್ಲಿ ಅವರು ಪಾಲಾದರು. ಊರ ಹಿರಿಯರು ಕೂತು ಮೇಲಿನ ತೋಟವನ್ನೂ ತೊಟ್ಟಿಯನ್ನೂ ಅಣ್ಣನಿಗೆ, ಕೆಳಗಿನ ತೋಟವನ್ನೂ ಪಲ್ಪರ್ ಮನೆಯನ್ನೂ ತಮ್ಮನಿಗೆ ಹಂಚಿದರು. ಪೈಪು ಬಿಚ್ಚಿ ಒಳಗಿಟ್ಟಿತ್ತಲ್ಲ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ತೊಟ್ಟಿಯ ನೀರು ಯಂತ್ರಕ್ಕೆ ಹೋಗಬೇಕೆಂಬ ಮಾತೂ ಬರಲಿಲ್ಲ.

ಚಿಣ್ಣಪ್ಪ ನನ್ನನ್ನು ಕರೆಸಿದಾಗ ಅಂಗಳದಲ್ಲಿ ಹಣ್ಣಿನ ರಾಶಿ ಬಿದ್ದಿತ್ತು. ಸ್ವಂತ ಪಾಲಿನಲ್ಲಿ ಅವನು ಕಂಡ ಮೊದಲ ಬೆಳೆ. ಕುಯ್ದ ಹಣ್ಣನ್ನು ಬೇಗ ಸುಲಿಯದಿದ್ದರೆ ಹುಳಿಯುತ್ತದೆ. ಮೋಡ ಕವಿದಿದ್ದರಿಂದ ಹಾಗೇ ಒಣಗಿಸುವಂತೆಯೂ ಇರಲಿಲ್ಲ. ನಾನು ಯಂತ್ರದ ಕಡೆಯಿಂದ ಸೆಣಬಿನ ನಾರು ಸುತ್ತಿ ಒಂದೊಂದೇ ಪೈಪು ಬಿಗಿಯುತ್ತ ಗುಡ್ಡ ಹತ್ತಿದೆ. ಕೊನೆಯ ಜಾಯಿಂಟಿಗೆ ಬಂದರೆ ದೇವಯ್ಯನವರು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದಾರೆ.

“ಅಲ್ಲಿಗೇ ಬಿಡು ಫಿಟ್ಟರೇ. ತೊಟ್ಟಿ ನಂದು.”

“ವರ್ಷಾ ವರ್ಷ ಕೂಡಿಸಿದ್ದೇ ಅಲ್ವಾ ದೇವಯ್ಯನೋರೇ?”

“ಆಗ ಮನೆ ಒಂದಿತ್ತು.”

ನನ್ನ ಹಿಂದೆಯೇ ಚಿಣ್ಣಪ್ಪ ಹತ್ತಿ ಬಂದಿದ್ದ. “ಅಣ್ಣ, ನೀರು ತುಂಬಿ ಸುಮ್ನೆ ಹೊಳೆಗೆ ಹೋಗ್ತಾ ಉಂಟು. ಹೊಳೆಗೆ ಕೊಡ್ತಿ, ನಂಗೆ ಕೊಡೂದಿಲ್ವಾ?”

“ಹೊಳೆ ನನ್ನ ಹತ್ರ ಪಾಲು ಕೇಳ್ಲಿಲ್ಲ.”

ಚಿಣ್ಣಪ್ಪ ಗುಡ್ಡ ಇಳಿದುಹೋದ.

ಸ್ವಲ್ಪ ಹೊತ್ತಿಗೆ ದೇವಯ್ಯನವರ ಹೆಂಡತಿ ಸೀತಮ್ಮ ಕೊಡ ಹಿಡಿದು ಬಂದರು. ತಾಯಿಯಿಲ್ಲದ ಮೈದುನನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಗಂಡನ ಪಕ್ಕದಲ್ಲೇ ಬಗ್ಗಿ ಕೊಡ ಮುಳುಗಿಸಿ, “ಇದಕ್ಕೂ ಹಿರಿಯರನ್ನ ಕರಿಸ್ತೀರಾ?” ಎಂದರು. ದೇವಯ್ಯನವರು ಮುಖ ಆ ಕಡೆ ತಿರುಗಿಸಿದರು. ನಾನೂ ಒಂದು ಕೊಡ ಹೊತ್ತೆ. ಆದರೆ ಪಲ್ಪರ್ ಒಂದು ಕೊಡ ನೀರನ್ನು ಒಂದೇ ಗುಟುಕಿಗೆ ನುಂಗುತ್ತದೆ, ನಾವು ಇನ್ನೊಂದು ತರುವಷ್ಟರಲ್ಲಿ ಕಚ್ಚಿ ನಿಲ್ಲುತ್ತದೆ. ಸಂಜೆಗೆ ರಾಶಿಯ ಒಂದು ಮೂಲೆಯೂ ಕರಗಿರಲಿಲ್ಲ. ಸೀತಮ್ಮ ಖಾಲಿ ಕೊಡವನ್ನು ಹಣ್ಣಿನ ಪಕ್ಕ ಇಟ್ಟು ಅಲ್ಲೇ ಕೂತರು. “ಸಾಕು ಅತ್ತಿಗೆ, ಮನೆಗೆ ಹೋಗಿ” ಎಂದ ಚಿಣ್ಣಪ್ಪ.

ಆ ಹಣ್ಣೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಹುಳಿ ವಾಸನೆ ಎರಡೂ ಮನೆಗೆ ಹಬ್ಬಿತ್ತು. ಬೇಸಿಗೆಗೆ ಮುಂಚೆ ಚಿಣ್ಣಪ್ಪ ಪಲ್ಪರನ್ನು ಕುಟ್ಟ ಊರಿನ ಕಡೆಯವರಿಗೆ ಮಾರಿದ. ಬೋಲ್ಟು ಬಿಚ್ಚಿ ಲಾರಿಗೆ ಏರಿಸಿದವನೂ ನಾನೇ. ಸೀತಮ್ಮ ಅವತ್ತು ಹೊರಗೆ ಬರಲಿಲ್ಲ.

ಅಲ್ಲಿಂದೀಚೆಗೆ ಯಾವ ತೋಟಕ್ಕೆ ಹೋದರೂ ತೊಟ್ಟಿಯ ಕಡೆಯವರನ್ನೂ ಯಂತ್ರದ ಕಡೆಯವರನ್ನೂ ಕರೆದು ನಿಲ್ಲಿಸಿಕೊಂಡೇ ಸ್ಪ್ಯಾನರ್ ಮುಟ್ಟುವುದು. ಕಬ್ಬಿಣವನ್ನು ಕೂಡಿಸುವುದಷ್ಟೇ ನನ್ನ ಕೈಯಲ್ಲಿರುವುದೆಂದು ಆ ಗುಡ್ಡದಲ್ಲಿ ತಿಳಿಯಿತು. ವರ್ಷಗಳಾದ ಮೇಲೆ ಆ ದಾರಿಯಲ್ಲಿ ಹೋದಾಗ ನೋಡಿದೆ. ತೊಟ್ಟಿ ತುಂಬಿ ಹೊಳೆಗೆ ಹರಿಯುತ್ತಿತ್ತು. ಬಿಚ್ಚಿ ಒಳಗಿಡುವವರಿಲ್ಲದೆ ಪೈಪು ಹುಲ್ಲಿನಲ್ಲಿ ಹಾಗೇ ಮಲಗಿತ್ತು. ಕೊನೆಯ ಒಂದು ಜಾಯಿಂಟ್ ಬಿಟ್ಟು ಉಳಿದವೆಲ್ಲ ನಾನು ಬಿಗಿದಂತೆಯೇ ಇದ್ದವು.